ಮೊದಲು ಕೀವಿನ ಮಾದರಿ, ಆಮೇಲೆ ಪ್ರಯಾಣ: ತಿಬಿಲಿಸಿಯ ಎಲಿಯಾವಾ ಫೇಜ್ ಚಿಕಿತ್ಸಾ ಕೇಂದ್ರ

ನನ್ನ ಭಾವನವರು ಸ್ಕೂಟರಿನಿಂದ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಮುರಿದುಕೊಂಡು, ಅದಕ್ಕೆ ಪ್ಲೇಟ್ ಹಾಕಿಸಿಕೊಂಡು, ಆ ಪ್ಲೇಟಿನ ಸುತ್ತ ಕೀವು ಕಟ್ಟಲು ಆರಂಭವಾಗಿ ಮೂರು ವರ್ಷಗಳಾಗಿದ್ದವು. ಅಷ್ಟರಲ್ಲಿ ನಾಲ್ಕು ಬಾರಿ ಗಾಯವನ್ನು ತೆರೆದು ಕೊಳೆತ ಮೂಳೆಯನ್ನು ಕೆರೆದು ತೆಗೆದಿದ್ದರು. ಪ್ರತಿ ಬಾರಿಯೂ ಒಂದೆರಡು ತಿಂಗಳು ಗಾಯ ಮುಚ್ಚಿಕೊಂಡಂತೆ ಕಂಡು, ಮತ್ತೆ ಅದೇ ಸಣ್ಣ ರಂಧ್ರದಿಂದ ಹಸಿರು ಬಣ್ಣದ ಕೀವು ಒಸರುತ್ತಿತ್ತು. ಕೀವಿನಲ್ಲಿರುವ ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗುರುತಿಸುವ ಕಲ್ಚರ್ ವರದಿಯಲ್ಲಿ ಸ್ಯೂಡೊಮೊನಾಸ್ ಎರುಜಿನೋಸಾ ಎಂಬ ಬ್ಯಾಕ್ಟೀರಿಯಾದ ಹೆಸರಿತ್ತು. ಅದರ ಕೆಳಗೆ ಒಂದನ್ನು ಬಿಟ್ಟು ಉಳಿದ ಎಲ್ಲ ಆಂಟಿಬಯಾಟಿಕ್‌ಗಳ ಎದುರಿಗೂ ‘ಆರ್’ ಎಂಬ ಅಕ್ಷರವಿತ್ತು, ಅಂದರೆ ರೋಗಾಣು ಆ ಔಷಧಕ್ಕೆ ಬಗ್ಗುವುದಿಲ್ಲ. ಉಳಿದಿದ್ದ ಆ ಒಂದು ಆಂಟಿಬಯಾಟಿಕ್ ಕೊಲಿಸ್ಟಿನ್ ಕೊಟ್ಟಾಗ ಮೂತ್ರಪಿಂಡ ಸೋಲತೊಡಗಿ, ಅದನ್ನು ತೋರಿಸುವ ರಕ್ತದ ಕ್ರಿಯಾಟಿನಿನ್ ಏರಿ, ಅದನ್ನೂ ನಿಲ್ಲಿಸಬೇಕಾಯಿತು. ಕಾಲನ್ನು ಉಳಿಸಿಕೊಳ್ಳುವುದು ಕಷ್ಟವಾಗಬಹುದು ಎಂದು ಮೂಳೆ ತಜ್ಞರು ಅಕ್ಕನಿಗೆ ಹೇಳಿದ ದಿನವೇ ನಾವು ಬೇರೆ ದಾರಿಗಳನ್ನು ಹುಡುಕಲು ಕುಳಿತೆವು.

ಸೋಂಕಿಗೆ ಫೇಜ್‌ಗಳಿಂದ ಚಿಕಿತ್ಸೆ ಕೊಡುವ ಎಲಿಯಾವಾ ಕೇಂದ್ರದ ಹೆಸರನ್ನು ಹೇಳಿದವನು ನಮ್ಮ ಬೀದಿಯ ಒಬ್ಬ ಹುಡುಗ. ಸಾವಿರಾರು ಭಾರತೀಯ ವಿದ್ಯಾರ್ಥಿಗಳಂತೆ ಅವನೂ ಜಾರ್ಜಿಯಾದ ರಾಜಧಾನಿ ತಿಬಿಲಿಸಿಯಲ್ಲಿ ವೈದ್ಯಕೀಯ ಓದುತ್ತಿದ್ದಾನೆ. ಬ್ಯಾಕ್ಟೀರಿಯಾವನ್ನು ಮಾತ್ರ ಹುಡುಕಿ, ಅದರೊಳಗೆ ಹೊಕ್ಕು, ಅಲ್ಲಿಯೇ ಸಂಖ್ಯೆ ಹೆಚ್ಚಿಸಿಕೊಂಡು, ಕೊನೆಗೆ ಅದನ್ನು ಒಡೆದು ಹೊರಬರುವ ವೈರಸ್‌ಗಳಿಗೆ ಬ್ಯಾಕ್ಟೀರಿಯೊಫೇಜ್, ಸಂಕ್ಷೇಪವಾಗಿ ಫೇಜ್ ಎನ್ನುತ್ತಾರೆ. ಇವು ಮನುಷ್ಯನ ಜೀವಕೋಶಗಳ ತಂಟೆಗೆ ಬರುವುದಿಲ್ಲ. ಒಂದು ಫೇಜ್ ಎಲ್ಲ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದಿಲ್ಲ; ಒಂದು ಜಾತಿಯನ್ನು, ಹಲವು ಸಲ ಆ ಜಾತಿಯ ಕೆಲವು ತಳಿಗಳನ್ನು ಮಾತ್ರ ಕೊಲ್ಲುತ್ತದೆ. ಈ ಚಿಕಿತ್ಸೆಯ ಶಕ್ತಿಯೂ ಮಿತಿಯೂ ಇದರಲ್ಲಿಯೇ ಇದೆ.

ಇದು ಹೊಸ ಆವಿಷ್ಕಾರವಲ್ಲ. 1896ರಲ್ಲಿ ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ಬ್ರಿಟಿಷ್ ವಿಜ್ಞಾನಿ ಗಂಗೆ ಮತ್ತು ಯಮುನೆಯ ನೀರಿನಲ್ಲಿ ಕಾಲರಾ ರೋಗಾಣುಗಳು ಬೇಗನೆ ಸಾಯುವುದನ್ನು ಗಮನಿಸಿ ಬರೆದಿದ್ದರು. 1917ರಲ್ಲಿ ಪ್ಯಾರಿಸ್‌ನಲ್ಲಿ ಫೆಲಿಕ್ಸ್ ಡಿ ಹೆರೆಲ್ ಇಂತಹ ಕೊಲೆಗಾರ ಕಣಗಳಿಗೆ ಬ್ಯಾಕ್ಟೀರಿಯೊಫೇಜ್ ಎಂದು ಹೆಸರಿಟ್ಟರು. ಹತ್ತು ವರ್ಷಗಳ ನಂತರ ಅವರು ಭಾರತಕ್ಕೂ ಬಂದು ಪಂಜಾಬಿನಲ್ಲಿ ಕಾಲರಾ ರೋಗಿಗಳಿಗೆ ಫೇಜ್ ಕೊಟ್ಟು ನೋಡಿದರು. ಅವರ ಸ್ನೇಹಿತ ಗಿಯೋರ್ಗಿ ಎಲಿಯಾವಾ 1923ರಲ್ಲಿ ತಿಬಿಲಿಸಿಯಲ್ಲಿ ಸ್ಥಾಪಿಸಿದ ಬ್ಯಾಕ್ಟೀರಿಯಾ ಸಂಶೋಧನಾ ಸಂಸ್ಥೆಯೇ ಇಂದು ಅವರ ಹೆಸರಿನಲ್ಲಿದೆ. ಎಲಿಯಾವಾ ಅವರನ್ನು 1937ರಲ್ಲಿ ಸ್ಟಾಲಿನ್ ಆಡಳಿತ ಗುಂಡಿಟ್ಟು ಕೊಂದಿತು, ಆದರೆ ಸಂಸ್ಥೆ ಉಳಿಯಿತು. ಪಶ್ಚಿಮದ ದೇಶಗಳು ಪೆನಿಸಿಲಿನ್ ಬಂದ ಮೇಲೆ ಫೇಜ್‌ಗಳನ್ನು ಮರೆತುಬಿಟ್ಟವು. ಸೋವಿಯತ್ ಒಕ್ಕೂಟ ಮರೆಯಲಿಲ್ಲ. 1990ರ ದಶಕದ ಅಂತರ್ಯುದ್ಧ ಮತ್ತು ವಿದ್ಯುತ್ ಕಡಿತದ ದಿನಗಳಲ್ಲಿ ಶೈತ್ಯಾಗಾರಗಳು ನಿಂತು ಸಂಗ್ರಹದ ಒಂದು ಭಾಗ ಹಾಳಾದರೂ, ಸಂಬಳವಿಲ್ಲದೆ ದುಡಿದ ಅಲ್ಲಿನ ವಿಜ್ಞಾನಿಗಳು ಉಳಿದುದನ್ನು ಕಾಪಾಡಿಕೊಂಡರು. ಆ ಋಣವನ್ನು ನೆನೆಯದೆ ಈ ಕೇಂದ್ರದ ಬಗ್ಗೆ ಬರೆಯಲು ನನಗೆ ಮನಸ್ಸಾಗುವುದಿಲ್ಲ.

ಅಮೆರಿಕದಲ್ಲಿ ಫೇಜ್ ಚಿಕಿತ್ಸೆ ಬೇಕಾದರೆ, ಬೇರೆ ದಾರಿಯಿಲ್ಲದ ರೋಗಿಯೊಬ್ಬನಿಗಾಗಿ ವೈದ್ಯರು ಔಷಧ ನಿಯಂತ್ರಣ ಸಂಸ್ಥೆಯಿಂದ ತುರ್ತು ಅನುಮತಿ ಪಡೆಯಬೇಕು. 2016ರಲ್ಲಿ ಸ್ಯಾನ್ ಡಿಯಾಗೊದ ಪ್ರಾಧ್ಯಾಪಕ ಟಾಮ್ ಪ್ಯಾಟರ್ಸನ್ ಬದುಕುಳಿದದ್ದು ಅಂತಹ ಅನುಮತಿಯಿಂದಲೇ. ಬೆಲ್ಜಿಯಂನಲ್ಲಿ ವೈದ್ಯರ ಚೀಟಿಯ ಮೇಲೆ ರೋಗಿಗೆ ಬೇಕಾದಂತೆ ಫೇಜ್ ತಯಾರಿಸಿಕೊಡುವ ವ್ಯವಸ್ಥೆಯಿದೆ. ಪೋಲೆಂಡಿನ ವ್ರೊತ್ಸ್ವಾಫ್ ನಗರದ ಹಿರ್ಷ್‌ಫೆಲ್ಡ್ ಸಂಸ್ಥೆ 2005ರಿಂದ ಪ್ರಾಯೋಗಿಕ ಚಿಕಿತ್ಸೆ ಎಂದೇ ಘೋಷಿಸಿ ಇದನ್ನು ಕೊಡುತ್ತಿದೆ. ಜಾರ್ಜಿಯಾದಲ್ಲಾದರೋ ಕೆಲವು ಸಿದ್ಧ ಫೇಜ್ ಮಿಶ್ರಣಗಳು ಔಷಧದ ಅಂಗಡಿಯಲ್ಲಿಯೇ ಸಿಗುತ್ತವೆ. ಹೊರದೇಶದ ರೋಗಿಗೂ ಚಿಕಿತ್ಸೆಯ ಬಾಗಿಲು ತೆರೆದಿದೆ. ಬಾಗಿಲು ತೆರೆದಿರುವಲ್ಲಿ ದಲ್ಲಾಳಿಗಳೂ ಇರುತ್ತಾರೆ. ನಾವು ಮೊದಲು ಸಂಪರ್ಕಿಸಿದ ಒಂದು ವೈದ್ಯಕೀಯ ಪ್ರವಾಸದ ಏಜೆನ್ಸಿಯವರು ಕಲ್ಚರ್ ವರದಿಯನ್ನೂ ಕೇಳದೆ, ಕಾಲು ಖಂಡಿತ ಉಳಿಯುತ್ತದೆ ಎಂದು ಫೋನಿನಲ್ಲೇ ಮಾತು ಕೊಟ್ಟು, ಮೂರು ದಿನದೊಳಗೆ ಮುಂಗಡ ಕಟ್ಟಿದರೆ ವಿಮಾನದ ಟಿಕೆಟ್ ತಾವೇ ಮಾಡಿಸುವುದಾಗಿ ಹೇಳಿದರು. ರೋಗಾಣುವಿನ ಹೆಸರು ಗೊತ್ತಿಲ್ಲದೆ ಫೇಜ್ ಚಿಕಿತ್ಸೆಯ ಫಲವನ್ನು ಹೇಳುವುದು, ಬೀಗವನ್ನು ನೋಡದೆ ಕೀಲಿಕೈ ಮಾರಿದಂತೆ. ನಾವು ಹಣ ಕಟ್ಟಲಿಲ್ಲ. ಆದರೆ ನೋವಿನಲ್ಲಿರುವ ಮನೆಯವರು ಎಷ್ಟು ಸುಲಭವಾಗಿ ಕಟ್ಟಿಬಿಡುತ್ತಾರೆ ಎಂಬುದು ಆ ರಾತ್ರಿ ಅಕ್ಕನ ಮುಖ ನೋಡಿದಾಗ ನನಗೆ ಅರ್ಥವಾಯಿತು.

ನೇರವಾಗಿ ಕೇಂದ್ರಕ್ಕೆ ಬರೆದಾಗ ಬಂದ ಉತ್ತರದಲ್ಲಿ ಭರವಸೆಗಿಂತ ಪ್ರಶ್ನೆಗಳೇ ಹೆಚ್ಚಾಗಿದ್ದವು. ಇತ್ತೀಚಿನ ಕಲ್ಚರ್ ವರದಿ ಎಷ್ಟು ಹಳೆಯದು, ಪ್ಲೇಟ್ ಇನ್ನೂ ಒಳಗಿದೆಯೇ, ಸಕ್ಕರೆ ಕಾಯಿಲೆ ಇದೆಯೇ, ಯಾವ ಯಾವ ಔಷಧಗಳನ್ನು ಯಾವಾಗ ಕೊಟ್ಟಿದ್ದರು ಎಂದು ಕೇಳಿದ್ದರು. ನನಗೆ ಇದೇ ಮೊದಲ ಸಮಾಧಾನ. ಲೋಹದ ಮೇಲೆ ಬ್ಯಾಕ್ಟೀರಿಯಾಗಳು ಲೋಳೆಯ ಪದರ ಕಟ್ಟಿಕೊಂಡು ಕುಳಿತಿರುವಾಗ ಔಷಧವಾಗಲಿ ಫೇಜ್ ಆಗಲಿ ಒಳಗೆ ತಲುಪುವುದು ಕಷ್ಟ. ಆದ್ದರಿಂದ ಮೂಳೆ ಕೂಡಿಕೊಂಡಿದ್ದರೆ ಪ್ಲೇಟ್ ತೆಗೆಸುವುದೇ ಮೊದಲ ಕೆಲಸ ಎಂಬ ನಮ್ಮ ಊರಿನ ಶಸ್ತ್ರಚಿಕಿತ್ಸಕರ ಮಾತಿಗೂ ಅವರ ಮಾತಿಗೂ ತಾಳೆಯಾಯಿತು. ಪ್ಲೇಟ್ ತೆಗೆಸಿದೆವು. ಆಗ ಒಳಗಿನಿಂದ ತೆಗೆದ ಮಾದರಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತಿಬಿಲಿಸಿಗೆ ಕಳುಹಿಸಿದೆವು.

ಕಳುಹಿಸುವುದು ಬರೆದಷ್ಟು ಸುಲಭವಾಗಿರಲಿಲ್ಲ. ರೋಗಿಯಿಂದ ತೆಗೆದ ಮಾದರಿಯನ್ನು ಯುಎನ್ 3373 ಎಂಬ ಗುರುತಿನೊಂದಿಗೆ ಮೂರು ಪದರಗಳ ಪೊಟ್ಟಣದಲ್ಲಿ ಇಡಬೇಕು: ಸೋರದ ಸೀಸೆ, ಅದರ ಸುತ್ತ ದ್ರವ ಹೀರುವ ಹತ್ತಿ, ಅದರ ಹೊರಗೆ ಇನ್ನೊಂದು ಸೋರದ ಡಬ್ಬಿ, ಎಲ್ಲಕ್ಕೂ ಹೊರಗೆ ಗಟ್ಟಿ ಪೆಟ್ಟಿಗೆ. ಸಾಮಾನ್ಯ ಕೊರಿಯರ್ ಅಂಗಡಿಯವರು ಇದನ್ನು ಮುಟ್ಟುವುದಿಲ್ಲ. ಪ್ರಯೋಗಾಲಯದವರ ಸಹಾಯವಿಲ್ಲದೆ ಯಾರೂ ಇದಕ್ಕೆ ಕೈಹಾಕಬಾರದು ಎಂದೇ ನನ್ನ ಸಲಹೆ.

ಪರೀಕ್ಷೆಯ ವಿಧಾನ ಎಷ್ಟು ಸರಳವೋ ಅಷ್ಟೇ ಸುಂದರ. ರೋಗಿಯ ಬ್ಯಾಕ್ಟೀರಿಯಾವನ್ನು ತಟ್ಟೆಯ ತುಂಬ ಮಂಜಿನ ಪದರದಂತೆ ಬೆಳೆಸಿ, ಅದರ ಮೇಲೆ ಬೇರೆ ಬೇರೆ ಫೇಜ್‌ಗಳ ಒಂದೊಂದು ಹನಿ ಇಟ್ಟು ಮರುದಿನ ನೋಡುತ್ತಾರೆ. ಫೇಜ್ ಕೆಲಸ ಮಾಡಿದ ಕಡೆ ಪದರ ಕರಗಿ, ಕನ್ನಡಿಯಂತಹ ಸ್ವಚ್ಛ ವೃತ್ತ ಮೂಡಿರುತ್ತದೆ. ಸ್ಟ್ಯಾಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್, ಇ. ಕೋಲೈ, ಪ್ರೋಟಿಯಸ್ ಮತ್ತು ಸ್ಯೂಡೊಮೊನಾಸ್ ವಿರುದ್ಧದ ಫೇಜ್‌ಗಳು ಸೇರಿರುವ ಪಯೋ ಎಂಬ ಸಿದ್ಧ ಮಿಶ್ರಣವೂ ಈ ಪರೀಕ್ಷೆಗೆ ಒಳಗಾಗುತ್ತದೆ. ಸಿದ್ಧ ಮಿಶ್ರಣಗಳು ಸೋತರೆ, ರೋಗಿಯ ತಳಿಗೇ ಹೊಂದುವ ಫೇಜ್ ಹುಡುಕಿ ಪ್ರತ್ಯೇಕವಾಗಿ ತಯಾರಿಸಬೇಕು. ಅದಕ್ಕೆ ವಾರಗಳು ಹಿಡಿಯುತ್ತವೆ. ಭಾವನವರ ರೋಗಾಣುವಿನ ಮೇಲೆ ಸ್ವಚ್ಛ ವೃತ್ತ ಮೂಡಿದೆ ಎಂಬ ಪತ್ರ ಬಂದ ಮೇಲೆಯೇ ನಾವು ವೀಸಾಕ್ಕೆ ಅರ್ಜಿ ಹಾಕಿದ್ದು. ಈ ಕೇಂದ್ರದ ಬಗ್ಗೆ ನಾನು ಹೇಳಬೇಕಾದ ಅತಿ ಮುಖ್ಯ ಮಾತು ಇದೇ: ಪರೀಕ್ಷೆಯ ಉತ್ತರ ಬರುವ ಮುನ್ನ ಹೊರಡಬೇಡಿ.

ಶಾರ್ಜಾ ಮಾರ್ಗವಾಗಿ ತಿಬಿಲಿಸಿ ತಲುಪಿದೆವು. ಮ್ತ್ಕ್ವಾರಿ ನದಿಯ ದಡದಲ್ಲಿ, ಹಳೆಯ ಸಂಶೋಧನಾ ಸಂಸ್ಥೆಯ ಆವರಣದಲ್ಲಿಯೇ ಚಿಕಿತ್ಸಾ ಕೇಂದ್ರವಿದೆ. ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಗಳ ಅಮೃತಶಿಲೆಯ ಹಜಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಇದು ಸಣ್ಣದಾಗಿ ಕಾಣುತ್ತದೆ. ಇದು ಹೊರರೋಗಿಗಳ ಕೇಂದ್ರ. ಉಳಿದುಕೊಳ್ಳುವ ವ್ಯವಸ್ಥೆಯನ್ನು ರೋಗಿಯ ಕಡೆಯವರು ಹೊರಗೆ ಮಾಡಿಕೊಳ್ಳಬೇಕು. ನಾವು ಹದಿನೆಂಟು ದಿನ ಬಾಡಿಗೆಯ ಮನೆಯಲ್ಲಿದ್ದೆವು. ದಿನವೂ ಹೋಗಿ ಗಾಯ ತೊಳೆಸಿಕೊಂಡು, ಫೇಜ್ ದ್ರವದಲ್ಲಿ ನೆನೆಸಿದ ಬಟ್ಟೆಯ ಪಟ್ಟಿ ಕಟ್ಟಿಸಿಕೊಂಡು ಬರುವುದು, ಬೆಳಿಗ್ಗೆ ಮತ್ತು ಸಂಜೆ ಊಟಕ್ಕೆ ಮುಂಚೆ 10 ಮಿಲಿಲೀಟರ್ ಫೇಜ್ ಕುಡಿಯುವುದು, ಇಷ್ಟೇ ಚಿಕಿತ್ಸೆ. ಹೊಟ್ಟೆಯ ಆಮ್ಲ ಫೇಜ್‌ಗಳನ್ನು ಹಾಳುಮಾಡುವುದರಿಂದ ಅದಕ್ಕೆ ಮುಂಚೆ ಆಮ್ಲ ಇಳಿಸುವ ಒಂದು ಲೋಟ ಖನಿಜ ನೀರು ಕುಡಿಯಬೇಕಿತ್ತು. ಸೂಜಿಯಿಲ್ಲ, ಡ್ರಿಪ್ ಇಲ್ಲ. ಮೂರು ವರ್ಷ ರಕ್ತನಾಳದ ಮೂಲಕ ಔಷಧ ಏರಿಸಿಕೊಂಡು ಕೈಯೆಲ್ಲ ಕಪ್ಪಾಗಿದ್ದ ಭಾವನವರಿಗೆ ಇದೊಂದೇ ದೊಡ್ಡ ಉಪಕಾರವಾಗಿ ಕಂಡಿತು. ವೈದ್ಯರು ಇಂಗ್ಲಿಷ್‌ನಲ್ಲಿ ನಿಧಾನವಾಗಿ, ಎಷ್ಟು ಬಾರಿ ಕೇಳಿದರೂ ಬೇಸರವಿಲ್ಲದೆ ವಿವರಿಸಿದರು. ಮೂಳೆಯ ಸೋಂಕಿನಲ್ಲಿ ಖಚಿತ ಮಾತು ಕೊಡಲು ಬರುವುದಿಲ್ಲ ಎಂದೂ ಮೊದಲ ದಿನವೇ ತಿಳಿಸಿದರು.

ಸಸ್ಯಾಹಾರಿಗಳು ಊಟಕ್ಕೆ ಅಂಜಬೇಕಾಗಿಲ್ಲ. ಮಣ್ಣಿನ ಗಡಿಗೆಯಲ್ಲಿ ಬೇಯಿಸಿದ ಲೋಬಿಯೊ ಎಂಬ ಹುರುಳಿಕಾಯಿ ಜಾತಿಯ ಕಾಳಿನ ಸಾರು ನಮ್ಮ ಬಾಯಿಗೆ ಹತ್ತಿರ. ಅಕ್ರೋಟಿನ ಚಟ್ನಿ ಸವರಿದ ಬದನೆಕಾಯಿಯೂ ಎಲ್ಲ ಕಡೆ ಸಿಗುತ್ತದೆ.

ಇನ್ನು ಸಾಕ್ಷ್ಯದ ವಿಷಯ. ಇದನ್ನು ಬಚ್ಚಿಟ್ಟು ಹೊಗಳುವುದು ರೋಗಿಗಳಿಗೆ ಮಾಡುವ ಅನ್ಯಾಯ. 1963 ಮತ್ತು 1964ರಲ್ಲಿ ತಿಬಿಲಿಸಿಯಲ್ಲಿ 30,769 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಬೀದಿಯ ಒಂದು ಬದಿಯ ಮನೆಗಳ ಮಕ್ಕಳಿಗೆ ಆಮಶಂಕೆಯ ಫೇಜ್ ಕೊಟ್ಟು, ಇನ್ನೊಂದು ಬದಿಯವರಿಗೆ ಕೊಡದೆ ನೋಡಿದಾಗ, ಫೇಜ್ ಪಡೆಯದ ಮಕ್ಕಳಲ್ಲಿ ರೋಗ 3.8 ಪಟ್ಟು ಹೆಚ್ಚಾಗಿತ್ತು. ಉತ್ಸಾಹಿಗಳು ಉದಾಹರಿಸುವುದು ಇದನ್ನು. ಆದರೆ ಇಂದಿನ ಕಟ್ಟುನಿಟ್ಟಿನ ಪ್ರಯೋಗಗಳು ಅಷ್ಟು ಉದಾರವಾಗಿಲ್ಲ. ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಸುಟ್ಟ ಗಾಯದ ಸ್ಯೂಡೊಮೊನಾಸ್ ಸೋಂಕಿಗೆ ಫೇಜ್ ಬಳಸಿದ ಫಾಗೊಬರ್ನ್ ಪ್ರಯೋಗದಲ್ಲಿ, ಸಂಗ್ರಹದಲ್ಲಿದ್ದಾಗಲೇ ಫೇಜ್‌ಗಳ ಸಂಖ್ಯೆ ಕುಸಿದು, ರೋಗಿಗಳಿಗೆ ಉದ್ದೇಶಿಸಿದ್ದಕ್ಕಿಂತ ಬಹಳ ಕಡಿಮೆ ಪ್ರಮಾಣ ತಲುಪಿತ್ತು. ಎಂದಿನ ಬೆಳ್ಳಿಯ ಮುಲಾಮಿಗಿಂತ ಅದು ನಿಧಾನವಾಗಿ ಕೆಲಸ ಮಾಡಿತು. ತಿಬಿಲಿಸಿಯಲ್ಲಿಯೇ ನಡೆದು 2021ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಗೆ ಬಂದ, ಮೂತ್ರದ ಸೋಂಕಿದ್ದ 97 ಪುರುಷರನ್ನು ಮೂರು ಗುಂಪುಗಳಾಗಿಸಿ ಪಯೋ ಫೇಜ್, ಬರಿಯ ದ್ರವ ಮತ್ತು ಆಂಟಿಬಯಾಟಿಕ್‌ಗಳನ್ನು ಹೋಲಿಸಿದರು. ಫೇಜ್ ಬರಿಯ ದ್ರವಕ್ಕಿಂತ ಮೇಲಾಗಲಿಲ್ಲ. ಅಡ್ಡ ಪರಿಣಾಮಗಳೂ ಹೆಚ್ಚಲಿಲ್ಲ. ಹಾಗಾಗಿ ಫೇಜ್ ಚಿಕಿತ್ಸೆ ಸುರಕ್ಷಿತವೆಂದು ಕಾಣುತ್ತದೆ ಎನ್ನಬಹುದು, ಫಲ ಕೊಡುತ್ತದೆಯೆಂದು ಸಾಬೀತಾಗಿದೆ ಎನ್ನಲಾಗದು. ಆಂಟಿಬಯಾಟಿಕ್ ಇನ್ನೂ ಕೆಲಸ ಮಾಡುತ್ತಿರುವ ರೋಗಿ ಅದನ್ನು ಬಿಟ್ಟು ಇಲ್ಲಿಗೆ ಬರುವುದು ತಪ್ಪು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಭಾವನವರ ಗಾಯ ಮುಚ್ಚಿ ಈಗ ಹದಿನಾಲ್ಕು ತಿಂಗಳು. ಆ ರಂಧ್ರ ಮತ್ತೆ ತೆರೆದಿಲ್ಲ, ಅವರು ಕೋಲಿಲ್ಲದೆ ತೋಟಕ್ಕೆ ಹೋಗಿ ಬರುತ್ತಾರೆ. ಇದು ಫೇಜ್‌ನಿಂದ ಆಯಿತೋ, ಪ್ಲೇಟ್ ಹೊರಬಂದುದರಿಂದ ಆಯಿತೋ, ಎರಡೂ ಕೂಡಿ ಆಯಿತೋ ನಾನು ಹೇಳಲಾರೆ. ಮನೆಯಲ್ಲಿ ಎಲ್ಲರೂ ತಿಬಿಲಿಸಿಗೆ ಕೈ ಮುಗಿಯುತ್ತಾರೆ. ನಾನು ಐದನೆಯ ಬಾರಿ ಚಾಕು ಹಿಡಿದ ನಮ್ಮ ಶಸ್ತ್ರಚಿಕಿತ್ಸಕರಿಗೂ ಕೈ ಮುಗಿಯುತ್ತೇನೆ. ಮೂಳೆಯ ಸೋಂಕು ವರ್ಷಗಳ ನಂತರವೂ ಮರಳಬಲ್ಲದು ಎಂಬ ಎಚ್ಚರ ನಮಗಿದೆ.

ಖರ್ಚು ರೋಗಕ್ಕೆ ತಕ್ಕಂತೆ ಬದಲಾಗುವುದರಿಂದ ನಮ್ಮ ಮೊತ್ತವನ್ನು ಇಲ್ಲಿ ಬರೆದರೆ ಇತರರಿಗೆ ದಾರಿ ತಪ್ಪುತ್ತದೆ. ಪರೀಕ್ಷೆ, ಸಮಾಲೋಚನೆ, ಫೇಜ್ ಮತ್ತು ಪ್ರತ್ಯೇಕ ತಯಾರಿಕೆ, ಇವುಗಳ ಬೆಲೆಯನ್ನು ಬಿಡಿಬಿಡಿಯಾಗಿ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಹಣ ಕಳುಹಿಸಲು ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಡಿ ವರ್ಷಕ್ಕೆ ಒಬ್ಬರಿಗೆ 2,50,000 ಡಾಲರ್‌ವರೆಗೆ ಅವಕಾಶವಿದೆ, ಆ ಮಿತಿ ಯಾರಿಗೂ ಅಡ್ಡ ಬರಲಾರದು. ತೊಡಕಾಗುವುದು ಮರಳುವಾಗ. ಉಳಿದ ತಿಂಗಳುಗಳ ಫೇಜ್ ಸೀಸೆಗಳನ್ನು ಮನೆಗೆ ಕೊಟ್ಟು ಕಳುಹಿಸುತ್ತಾರೆ, ಆದರೆ ಅವು ಭಾರತದಲ್ಲಿ ಅನುಮೋದಿತ ಔಷಧವಲ್ಲ. 1945ರ ಔಷಧ ನಿಯಮಗಳಲ್ಲಿ ಇದಕ್ಕೆ ಕಿಟಕಿಯೊಂದಿದೆ: ಪ್ರಯಾಣಿಕ ತನ್ನ ಸ್ವಂತ ಬಳಕೆಗಾಗಿ, ತನ್ನ ಸಾಮಾನಿನ ಜೊತೆ, ಒಂದು ಔಷಧದ ನೂರು ಸರಾಸರಿ ಡೋಸ್‌ಗಳನ್ನು ಮೀರದಂತೆ ತರಬಹುದು, ಹೆಚ್ಚು ಬೇಕಾದರೆ ಅಥವಾ ಆಮೇಲೆ ತರಿಸಿಕೊಳ್ಳಬೇಕಾದರೆ 12ಎ ನಮೂನೆಯಲ್ಲಿ ಅರ್ಜಿ ಹಾಕಿ 12ಬಿ ಪರವಾನಗಿ ಪಡೆಯಬೇಕು. ವೈದ್ಯರ ಚೀಟಿಯನ್ನು ಇಂಗ್ಲಿಷ್‌ನಲ್ಲಿ, ಮೊಹರು ಸಹಿತ ಬರೆಸಿಕೊಂಡು ಸೀಸೆಗಳ ಜೊತೆಯೇ ಇಟ್ಟುಕೊಂಡದ್ದರಿಂದ ನಮಗೆ ವಿಮಾನ ನಿಲ್ದಾಣದಲ್ಲಿ ಹತ್ತು ನಿಮಿಷದ ಮಾತುಕತೆಯಲ್ಲಿ ಮುಗಿಯಿತು. ಸೀಸೆಗಳು ತಂಪಿನಲ್ಲಿಯೇ ಇರಬೇಕು, ಹೆಪ್ಪುಗಟ್ಟಬಾರದು. ಶಾರ್ಜಾದಲ್ಲಿ ಏಳು ಗಂಟೆ ಕಾಯುವಾಗ ಐಸ್ ಪ್ಯಾಕ್ ಬದಲಿಸಲು ನಾವು ಪಟ್ಟ ಪಾಡು ನೆನೆದರೆ, ನೇರ ವಿಮಾನಕ್ಕೆ ಸ್ವಲ್ಪ ಹೆಚ್ಚು ಕೊಡುವುದೇ ಲೇಸು ಅನಿಸುತ್ತದೆ.

ಕ್ಯಾನ್ಸರ್‌ಗೆ, ವೈರಸ್‌ನಿಂದ ಬರುವ ಕಾಯಿಲೆಗೆ, ಶಿಲೀಂಧ್ರದ ಸೋಂಕಿಗೆ ಫೇಜ್ ಏನೂ ಮಾಡಲಾರದು. ಅಂತಹ ರೋಗಿಗಳ ಮನೆಯವರಿಂದಲೂ ನನಗೆ ಕರೆಗಳು ಬರುತ್ತಿವೆ. ಮೂಳೆ, ಗಾಯ, ಮೂತ್ರನಾಳ, ಶ್ವಾಸನಾಳಗಳಲ್ಲಿ ಯಾವ ಔಷಧಕ್ಕೂ ಬಗ್ಗದ ಬ್ಯಾಕ್ಟೀರಿಯಾ ಬೇರೂರಿದ್ದು, ನಿಮ್ಮ ವೈದ್ಯರೂ ಕೈಚೆಲ್ಲಿದ್ದರೆ, ಕೇಂದ್ರಕ್ಕೆ ಮೊದಲ ಪತ್ರ ಬರೆಯುವಾಗ ಮೂರು ತಿಂಗಳೊಳಗಿನ ಕಲ್ಚರ್ ವರದಿ, ಎಲ್ಲ ಡಿಸ್ಚಾರ್ಜ್ ಪತ್ರಗಳು, ಎಕ್ಸ್‌ರೇ ಅಥವಾ ಸ್ಕ್ಯಾನ್ ಪ್ರತಿಗಳು ಮತ್ತು ದೇಹದೊಳಗೆ ಲೋಹ ಇದೆಯೇ ಎಂಬ ಮಾಹಿತಿಯನ್ನು ಸೇರಿಸಿ. ಬರುವ ಉತ್ತರವನ್ನು ನಿಮ್ಮ ಊರಿನ ವೈದ್ಯರಿಗೆ ತೋರಿಸಿ, ಮರಳಿ ಬಂದ ಮೇಲೆ ಗಾಯ ನೋಡಿಕೊಳ್ಳಲು ಅವರು ಒಪ್ಪುತ್ತಾರೆಯೇ ಎಂದು ಆಗಲೇ ಕೇಳಿಕೊಳ್ಳಿ.