ಆಕ್ಸ್‌ಫರ್ಡೋ ಕೇಂಬ್ರಿಡ್ಜೋ: ಲಂಡನ್ನಿನಿಂದ ಒಂದು ದಿನಕ್ಕೆ ಯಾವುದು?

ಲಂಡನ್ನಿಗೆ ಹೋದವರ ಕೈಯಲ್ಲಿ ಒಂದೇ ದಿನ ಮಿಕ್ಕಿದ್ದರೆ ಎರಡನ್ನೂ ನೋಡುವ ಹಟ ಬೇಡ. ಎರಡಕ್ಕೂ ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ: ಆಕ್ಸ್‌ಫರ್ಡಿಗೆ ಪ್ಯಾಡಿಂಗ್ಟನ್‌ನಿಂದ, ಕೇಂಬ್ರಿಡ್ಜಿಗೆ ಕಿಂಗ್ಸ್ ಕ್ರಾಸ್‌ನಿಂದ. ವ್ಯತ್ಯಾಸ ಗೊತ್ತಾಗುವುದು ಇಳಿದ ಮೇಲೆ. ಆಕ್ಸ್‌ಫರ್ಡಿನಲ್ಲಿ ಹತ್ತು ನಿಮಿಷ ನಡೆದರೆ ಊರಿನ ನಡುಮಧ್ಯ. ಕೇಂಬ್ರಿಡ್ಜಿನಲ್ಲಿ ಇಪ್ಪತ್ತೈದು ನಿಮಿಷವಾದರೂ ಬೇಕು. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಸುಮ್ಮನೆ ಬಸ್ಸು ಹಿಡಿಯಿರಿ.

ದೋಣಿಯ ಆಸೆಯಿದ್ದರೆ ಕೇಂಬ್ರಿಡ್ಜೇ ಸರಿ. ಕ್ಯಾಮ್ ನದಿಯಲ್ಲಿ ಚಪ್ಪಟೆ ತಳದ ಪಂಟ್ ಹತ್ತಿ ಕೂತರೆ ಕಿಂಗ್ಸ್, ಟ್ರಿನಿಟಿ, ಸೇಂಟ್ ಜಾನ್ಸ್ ಕಾಲೇಜುಗಳ ಹಿತ್ತಿಲು ಒಂದೊಂದಾಗಿ ಸರಿದುಹೋಗುತ್ತದೆ. ಗಳ ಹಿಡಿದು ನೀವೇ ನಡೆಸಬಹುದು. ಗಳ ಕೆಸರಿನಲ್ಲಿ ಕಚ್ಚಿಕೊಂಡಿತೋ, ಅದನ್ನು ಬಿಟ್ಟುಬಿಡಿ. ಹಟಕ್ಕೆ ಬಿದ್ದು ಹಿಡಿದುಕೊಂಡವರು ನೀರಿಗೇ ಬೀಳುವುದು. ಆಕ್ಸ್‌ಫರ್ಡಿನಲ್ಲೂ ಪಂಟ್ ಉಂಟು, ಮಾಡ್ಲಿನ್ ಸೇತುವೆಯ ಬಳಿ. ಅಲ್ಲಿ ಕಟ್ಟಡಗಳಿಗಿಂತ ಮರದ ನೆರಳೇ ಜಾಸ್ತಿ. ಪಕ್ಕದ ಮಾಡ್ಲಿನ್ ಕಾಲೇಜಿನಲ್ಲೇ ನಮ್ಮ ಗಿರೀಶ ಕಾರ್ನಾಡರು ಓದಿದ್ದು. ಅದೊಂದಕ್ಕೇ ಹೋದರೂ ತಪ್ಪಿಲ್ಲ.

ಮಳೆಯ ದಿನಕ್ಕೆ ನನ್ನ ಓಟು ಆಕ್ಸ್‌ಫರ್ಡಿಗೆ. 1683ರಲ್ಲಿ ಶುರುವಾದ ಆಶ್ಮೋಲಿಯನ್ ಮ್ಯೂಸಿಯಂಗೆ ಟಿಕೆಟ್ಟಿಲ್ಲ. ಕೇಂಬ್ರಿಡ್ಜಿನ ಫಿಟ್ಜ್‌ವಿಲಿಯಂ ಕೂಡ ಪುಕ್ಕಟೆ, ಆದರೆ ಸೋಮವಾರ ರಜೆ.

ಏಪ್ರಿಲ್ ಕೊನೆಯಿಂದ ಜೂನ್ ನಡುವಿನವರೆಗೆ ಪರೀಕ್ಷೆಯ ಕಾಲ. ಕೇಂಬ್ರಿಡ್ಜಿನ ಹಲವು ಕಾಲೇಜುಗಳು ಪ್ರವಾಸಿಗರಿಗೆ ಬಾಗಿಲು ಹಾಕುತ್ತವೆ. ಹೊರಡುವ ಮುನ್ನ ಆಯಾ ಕಾಲೇಜಿನ ಜಾಲತಾಣ ನೋಡಿಕೊಳ್ಳಿ. ಕಿಂಗ್ಸ್ ಚಾಪೆಲ್ ನೋಡಲು ದುಡ್ಡು ತೆರಬೇಕು; ಕಾಲೇಜು ನಡೆಯುವ ದಿನಗಳಲ್ಲಿ ಸಂಜೆಯ ಪ್ರಾರ್ಥನೆಗೆ ಹೋದರೆ ಖರ್ಚಿಲ್ಲ, ಗಾಯನವೂ ಸಿಕ್ಕಿತು. ಎರಡೂ ಊರಿನಲ್ಲಿ ಕಾಲೇಜಿನ ಹುಲ್ಲುಹಾಸಿನ ಮೇಲೆ ಮಾತ್ರ ಕಾಲಿಡಬೇಡಿ, ಪೋರ್ಟರ್, ಅಂದರೆ ಕಾಲೇಜಿನ ಬಾಗಿಲು ಕಾಯುವವರು, ಬಂದು ಗದರುತ್ತಾರೆ.