ಒಂಬತ್ತು ಚಳಿಗಾಲ, ಒಂದು ಲಿವರ್ ರೈಫಲ್: ಮುಂದಿನದರಲ್ಲಿ ನನಗೆ ಬೇಕಾದದ್ದು

2016ರ ಅಕ್ಟೋಬರಿನಲ್ಲಿ ಅಮೆರಿಕದ ಓಹಿಯೋ ರಾಜ್ಯದ ಆಕ್ರನ್ ಸಮೀಪದ ಅಂಗಡಿಯೊಂದರಲ್ಲಿ ಈ ಲಿವರ್ ರೈಫಲ್ ಕೊಂಡೆ. ಟ್ರಿಗರಿನ ಸುತ್ತಲಿನ ಲಿವರನ್ನು ಕೆಳಗೆಳೆದು ವಾಪಸು ತಳ್ಳಿದರೆ ಖಾಲಿ ತೋಟಾ ಹೊರಬಿದ್ದು ಮುಂದಿನದು ನಳಿಗೆಗೆ ಏರುವ ಬಂದೂಕು. .30-30 ತೋಟಾ, ನಳಿಗೆಯ ಕೆಳಗೆ ಟ್ಯೂಬ್ ಮ್ಯಾಗಝೀನ್ (ತೋಟಾ ತುಂಬಿಡುವ ಕೊಳವೆ), 20 ಇಂಚಿನ ನಳಿಗೆ, ವಾಲ್‌ನಟ್ ಮರ. ತಯಾರಕರ ಹೆಸರು ಬರೆಯುವುದಿಲ್ಲ. ಬರೆದರೆ ಮಾತೆಲ್ಲ ಹೆಸರಿನ ಸುತ್ತಲೇ ತಿರುಗುತ್ತದೆ. ನನ್ನ ಹೊಗಳಿಕೆ ಮತ್ತು ದೂರು ಬಹುಪಾಲು ಈ ಜಾತಿಯ ಬಂದೂಕಿಗೇ ಸಲ್ಲುವಂಥವು. ಒಂಬತ್ತು ಚಳಿಗಾಲಗಳಲ್ಲಿ ಸುಮಾರು ಸಾವಿರದ ನೂರು ಈಡು ಹೊಡೆದಿದ್ದೇನೆ. ಏಳು ಜಿಂಕೆ ಸಿಕ್ಕಿವೆ. ಎಂಟನೆಯದು ನನ್ನ ತಪ್ಪಿನಿಂದ ತಪ್ಪಿಸಿಕೊಂಡಿತು. ಅದರ ಕಥೆ ಮುಂದಿದೆ.

ನಾನು ಬೆಳೆದದ್ದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ. ಅಪ್ಪನ ಬಳಿ ಬೆಳೆ ರಕ್ಷಣೆಯ ಪರವಾನಗಿಯ ಒಂಟಿನಳಿಗೆ ತೋಟಾ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿಟ್ಟು ಬರಬೇಕು. ಆ ವಾರವೇ ಕಾಡುಹಂದಿಗಳು ತೋಟಕ್ಕೆ ಇಳಿಯುತ್ತವೆ ಎಂಬುದು ಅಪ್ಪನ ದೃಢ ನಂಬಿಕೆಯಾಗಿತ್ತು. ಒಂದು ಈಡು ಹೊಡೆದ ಮೇಲೆ ಕೋವಿಯ ನಳಿಗೆ ಬಾಗಿಸಿ, ಖಾಲಿ ತೋಟಾ ಕಿತ್ತು, ಇನ್ನೊಂದು ತುಂಬುವಷ್ಟರಲ್ಲಿ ಹಂದಿ ಮುಂದಿನ ಊರಿನಲ್ಲಿರುತ್ತಿತ್ತು. ಹಾಗಾಗಿ ಆಕ್ರನ್‌ನ ಅಂಗಡಿಯಲ್ಲಿ ರೈಫಲನ್ನು ಹೆಗಲಿನಿಂದ ಇಳಿಸದೆಯೇ ಲಿವರ್ ಎಳೆದು ನೋಡಿದಾಗ ಬೇರೆ ಯಾವುದನ್ನೂ ಕೈಗೆತ್ತಿಕೊಳ್ಳುವ ಮನಸ್ಸಾಗಲಿಲ್ಲ.

ಮನಸ್ಸು ಮಾಡಿದ್ದೇ ಹೆಚ್ಚಾಯಿತು, ವಿಚಾರಿಸಿದ್ದು ಕಡಿಮೆ. ಓಹಿಯೋದಲ್ಲಿ ಬಹುಕಾಲ ಜಿಂಕೆ ಬೇಟೆಗೆ ರೈಫಲ್‌ಗೆ ಅವಕಾಶವೇ ಇರಲಿಲ್ಲ. ಶಾಟ್‌ಗನ್ ಹಿಡಿದು ಒಂಟಿ ಗುಂಡಿನಲ್ಲಿ ಹೊಡೆಯಬೇಕಿತ್ತು. 2014ರಲ್ಲಿ ರೈಫಲ್‌ಗೆ ಬಾಗಿಲು ತೆರೆದರೂ ಅದು ನೆಟ್ಟನೆಯ ಗೋಡೆಯ ತೋಟಾಗಳಿಗೆ ಮಾತ್ರ. .30-30ರ ತೋಟಾಕ್ಕೆ ಬಾಟಲಿಯಂಥ ಕುತ್ತಿಗೆ ಇದೆ. 1873ರಲ್ಲಿ ಅಮೆರಿಕದ ಸೇನೆಗೆಂದು ಹುಟ್ಟಿದ, ಹೆಬ್ಬೆರಳು ಗಾತ್ರದ .45-70 ಇಲ್ಲಿ ಕಾನೂನುಬದ್ಧ. ಅದರ ಮುಂದೆ ಮಗುವಿನಂತಿರುವ .30-30 ನಿಷಿದ್ಧ. ನಿಯಮದ ತರ್ಕ ಗುಂಡು ಎಷ್ಟು ದೂರ ಹಾರುತ್ತದೆ ಎಂಬುದರ ಮೇಲೆ ನಿಂತಿದೆ, ಒಪ್ಪೋಣ. ಆದರೆ ಹಣ ಕೊಟ್ಟು ಮನೆಗೆ ತಂದ ಮೇಲೆ ಇದು ತಿಳಿದವನ ಸ್ಥಿತಿಯನ್ನು ಊಹಿಸಿಕೊಳ್ಳಿ.

ಹೀಗಾಗಿ ಪ್ರತಿ ವರ್ಷ ಸುಮಾರು ಮೂರು ಗಂಟೆ ಕಾರು ಓಡಿಸಿ ಪೆನ್ಸಿಲ್ವೇನಿಯಾದ ಅಲೆಗೆನಿ ರಾಷ್ಟ್ರೀಯ ಅರಣ್ಯಕ್ಕೆ ಹೋಗುತ್ತೇನೆ. ಅಲ್ಲಿ ಜಿಂಕೆ ಬೇಟೆಗೆ ಅರೆ ಸ್ವಯಂಚಾಲಿತ ರೈಫಲ್ ಬಳಸುವಂತಿಲ್ಲ. ಬೇಗನೆ ಎರಡನೆಯ ಈಡು ಬೇಕೆನ್ನುವವರಿಗೆ ಲಿವರ್ ಅಥವಾ ಪಂಪ್ (ಮುಂದಿನ ಹಿಡಿಯನ್ನು ಹಿಂದೆಳೆದು ತೋಟಾ ಏರಿಸುವ ಬಗೆ), ಎರಡೇ ದಾರಿ. ಆ ರಾಜ್ಯದ ಹಳೆಯ ಮನೆಗಳಲ್ಲಿ ಲಿವರ್ ರೈಫಲ್ ಇನ್ನೂ ಗೋಡೆಯಿಂದ ಇಳಿದು ಕಾಡಿಗೆ ಹೋಗುವುದಕ್ಕೆ ಇದೂ ಒಂದು ಕಾರಣ. ರೈಫಲ್ ಋತು ಮೊದಲು ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಸೋಮವಾರ ಆರಂಭವಾಗುತ್ತಿತ್ತು. 2019ರಿಂದ ಶನಿವಾರಕ್ಕೆ ಬಂದಿದೆ. ಕಚೇರಿಯಲ್ಲಿ ಸೋಮವಾರದ ಜ್ವರದ ನೆಪ ಹೇಳುವುದು ತಪ್ಪಿತು.

ಆ ಕಾಡಿನಲ್ಲಿ ಹೆಮ್ಲಾಕ್ ಮರಗಳ ಕೆಳಗೆ ಎಂಬತ್ತು ಗಜ ಕಂಡರೆ ಬಯಲೇ ಸಿಕ್ಕಂತೆ. 170 ಗ್ರೇನಿನ (ಸುಮಾರು 11 ಗ್ರಾಂ) ಗುಂಡು ಸೆಕೆಂಡಿಗೆ ಸುಮಾರು 2,200 ಅಡಿ ವೇಗದಲ್ಲಿ ಹೊರಡುತ್ತದೆ. ನೂರು ಗಜಕ್ಕೆ ಗುರಿ ಹೊಂದಿಸಿಟ್ಟರೆ ಇನ್ನೂರಕ್ಕೆ ಎಂಟೊಂಬತ್ತು ಇಂಚು ಕೆಳಗೆ ಬೀಳುತ್ತದೆ. ಇನ್ನೂರು ಗಜದ ಈಡನ್ನು ನಾನು ಒಮ್ಮೆಯೂ ಹೊಡೆದಿಲ್ಲ, ಹೊಡೆಯುವ ಆಸೆಯೂ ಇಲ್ಲ. ಆ ಕಾಡಿಗೆ ಈ ತೋಟಾ ಸಾಕು.

ಈ ರೈಫಲಿನ ದೊಡ್ಡ ಗುಣ ಹೊಡೆಯುವಾಗ ಕಾಣುವುದಿಲ್ಲ, ನಡೆಯುವಾಗ ಕಾಣುತ್ತದೆ. ತೂಕ ಸಮವಾಗಿ ನಿಲ್ಲುವ ಜಾಗ ಸರಿಯಾಗಿ ಅದರ ಸೊಂಟದಲ್ಲಿದೆ. ಅಲ್ಲಿ ಉಕ್ಕು ಚಪ್ಪಟೆ, ತೆಳು. ಕೆಳಗೆ ಏನೂ ಚಾಚಿಕೊಂಡಿಲ್ಲ. ಕೈಚೀಲ ಹಿಡಿದ ಹಾಗೆ ಒಂದೇ ಕೈಯಲ್ಲಿ ಹಿಡಿದು ಗುಡ್ಡ ಹತ್ತಬಹುದು, ಇನ್ನೊಂದು ಕೈಯಲ್ಲಿ ಬಳ್ಳಿ ಸರಿಸಬಹುದು. ದಿನಕ್ಕೆ ಎಂಟು ಗಂಟೆ ಹೊತ್ತು, ವರ್ಷಕ್ಕೆ ಒಂದು ಈಡು ಹೊಡೆಯುವವನಿಗೆ ಇದಕ್ಕಿಂತ ದೊಡ್ಡ ಗುಣ ಯಾವುದು? ಮುಂದೆ ಬರೆಯುವ ಬೇಡಿಕೆಗಳನ್ನೆಲ್ಲ ನಾನು ಈ ಸೊಂಟದ ಮೇಲೆಯೇ ಒರೆ ಹಚ್ಚಿ ನೋಡಿದ್ದೇನೆ.

ಮೊದಲು ದೂರುಗಳು. ತೋಟಾ ತುಂಬುವ ಪಕ್ಕದ ಕಿಂಡಿಯ ಅಂಚು ಕತ್ತಿಯಂತಿತ್ತು. ಮೊದಲ ದಿನವೇ ಹೆಬ್ಬೆರಳು ಕೊಯ್ದಿತು. ಸಣ್ಣ ಉಜ್ಜುಕಾಗದದಿಂದ ನಾನೇ ತೀಡಿ ಸರಿ ಮಾಡಿಕೊಂಡೆ. ಹೊಸ ಸರಕಿಗೆ ಆ ಹಣ ಕೊಟ್ಟ ಮೇಲೆ ಆ ಕೆಲಸ ನನ್ನದಾಗಬಾರದಿತ್ತು. ಇನ್ನೂರು ಈಡು ದಾಟುವ ಮೊದಲೇ ಎರಡು ಸ್ಕ್ರೂ ಸಡಿಲವಾದವು. ಕುದುರೆಯ (ಈಡು ಹೊರಡಿಸಲು ಬಡಿಯುವ ಸುತ್ತಿಗೆಯ) ಮುಂದೆ ಅಡ್ಡಲಾಗಿ ಒತ್ತುವ ಸೇಫ್ಟಿ ಗುಂಡಿಯ ಬಗ್ಗೆ ಈಗಲೂ ಜಗಳವಿದೆ. ಕುದುರೆಯನ್ನು ಅರ್ಧ ಎತ್ತಿ ನಿಲ್ಲಿಸುವ ಹಳೆಯ ವ್ಯವಸ್ಥೆ ಇರುವಾಗ ಇನ್ನೊಂದು ಗುಂಡಿ ಏಕೆ? ಒಮ್ಮೆ ಜಿಂಕೆಯ ಎದುರು ಟ್ರಿಗರ್ ಒತ್ತಿದಾಗ ಕುದುರೆ ಟಕ್ಕೆಂದು ಬಿದ್ದಿತು, ಈಡು ಹೊರಡಲಿಲ್ಲ. ಆ ಗುಂಡಿ ತಡೆದಿತ್ತು. ಗಾಬರಿಯಲ್ಲಿ ಲಿವರನ್ನು ಅರ್ಧಕ್ಕೇ ಎಳೆದು ವಾಪಸು ತಳ್ಳಿದೆ. ತೋಟಾ ಅಡ್ಡಲಾಗಿ ಕಚ್ಚಿಕೊಂಡಿತು. ಆ ಎಂಟನೆಯ ಜಿಂಕೆ ನನ್ನನ್ನು ಒಂದು ಕ್ಷಣ ನೋಡಿ, ಆತುರವಿಲ್ಲದೆ ನಡೆದು ಹೋಯಿತು. ಲಿವರ್ ರೈಫಲ್ ಅಳುಕನ್ನು ಸಹಿಸುವುದಿಲ್ಲ. ಪೂರ್ತಿ ಎಳೆಯಬೇಕು, ಪೂರ್ತಿ ತಳ್ಳಬೇಕು.

ನಿಜವಾಗಿ ಮನಸ್ಸಿಗೆ ಒಗ್ಗದಿರುವುದು ಇಳಿಹೊತ್ತಿನ ಕೆಲಸ. ಕಾರಿನ ಬಳಿ ಬಂದು ಟ್ಯೂಬ್ ಖಾಲಿ ಮಾಡಬೇಕಾದರೆ ಪ್ರತಿ ತೋಟಾವನ್ನೂ ಲಿವರ್ ಎಳೆದು ನಳಿಗೆಗೆ ಏರಿಸಿ ಹೊರಹಾಕಬೇಕು. ಮರಗಟ್ಟಿದ ಬೆರಳು, ಕತ್ತಲು, ಸುತ್ತ ಜನ. ಐದು ಸಲ ನಳಿಗೆಗೆ ಜೀವಂತ ತೋಟಾ. ಬಾಯಿಯನ್ನು ನೆಲದ ಕಡೆ ತಿರುಗಿಸಿ, ಬೆರಳು ದೂರವಿಟ್ಟು ಮಾಡುತ್ತೇನೆ, ಆದರೂ ಪ್ರತಿ ಸಲ ಉಸಿರು ಬಿಗಿಹಿಡಿಯುತ್ತೇನೆ. ಹಿಮದಲ್ಲಿ ಬಿದ್ದ ತೋಟಾಗಳನ್ನು ಎಣಿಸುವುದು ಬೇರೆ. ನನ್ನ ಮೊದಲ ಬೇಡಿಕೆ ಇದೇ: ಪಕ್ಕದ ಕಿಂಡಿಯೂ ಇರಲಿ, ಒಳಗಿನ ಟ್ಯೂಬನ್ನು ಹೊರಗೆಳೆದು ತೋಟಾಗಳನ್ನು ಅಂಗೈಗೆ ಸುರಿದುಕೊಳ್ಳುವ ದಾರಿಯೂ ಇರಲಿ. ಹೆನ್ರಿ ಕಂಪನಿ ಸೈಡ್ ಗೇಟ್ ಮಾದರಿಗಳಲ್ಲಿ ಎರಡನ್ನೂ ಕೊಟ್ಟಿದೆ. ಉಳಿದವರೂ ಇದನ್ನು ನಕಲು ಮಾಡಿದರೆ ಯಾರ ಮಾನವೂ ಹೋಗುವುದಿಲ್ಲ.

ಎರಡನೆಯದು ತೋಟಾದ ವಿಷಯ. ಟ್ಯೂಬಿನಲ್ಲಿ ತೋಟಾಗಳು ಒಂದರ ಹಿಂದೆ ಒಂದು ಮಲಗಿರುತ್ತವೆ. ಹಿಂದಿನ ಗುಂಡಿನ ಮೂತಿ ಮುಂದಿನದರ ಕೇಪಿಗೆ (ಬಡಿದರೆ ಕಿಡಿ ಹೊತ್ತುವ ತಳದ ಬಿಲ್ಲೆಗೆ) ತಾಗಿಕೊಂಡೇ ಇರುತ್ತದೆ. ಮೂತಿ ಚೂಪಾಗಿದ್ದರೆ ಹಿನ್ನೊದೆತದ ಹೊಡೆತಕ್ಕೆ ಟ್ಯೂಬಿನೊಳಗೇ ಸಿಡಿಯುವ ಅಪಾಯವಿದೆ. ಅದಕ್ಕೇ ಲಿವರ್ ರೈಫಲ್‌ಗಳ ಗುಂಡಿಗೆ ನೂರು ವರ್ಷ ಚಪ್ಪಟೆ ಮೂತಿಯೇ ಗತಿಯಾಯಿತು, ಗಾಳಿಯಲ್ಲಿ ಬೇಗ ದಣಿಯುವ ಮೂತಿ. ಹಾರ್ನಡಿ ಕಂಪನಿ ಮೆತ್ತನೆಯ ತುದಿಯ ಚೂಪು ಗುಂಡು ತಂದು ಇದಕ್ಕೆ ಅರ್ಧ ಮದ್ದು ಅರೆಯಿತು. ನಾನು ನಾಲ್ಕು ವರ್ಷದಿಂದ ಅದನ್ನೇ ಹಾಕುತ್ತಿದ್ದೇನೆ. 160 ಗ್ರೇನ್, ಪೆಟ್ಟಿಗೆಯ ಮೇಲೆ 2,400 ಅಡಿ ಎಂದಿದೆ. ವ್ಯತ್ಯಾಸ ಕಾಗದದ ಗುರಿಯಲ್ಲಿ ಕಾಣುತ್ತದೆ, ಕಾಡಿನಲ್ಲಿ ಕಂಡಿಲ್ಲ.

ಓಹಿಯೋದವರ ಗೋಳು 2023ರಲ್ಲಿ ರೆಮಿಂಗ್ಟನ್ ಕಂಪನಿಗೆ ಕೇಳಿಸಿದಂತಿದೆ. .30-30ರ ಕವಚದ ಕುತ್ತಿಗೆ ತೆಗೆದು, ನೆಟ್ಟಗೆ ಮಾಡಿ .360 ಬಕ್‌ಹ್ಯಾಮರ್ ಎಂದು ಹೆಸರಿಟ್ಟರು. 180 ಗ್ರೇನಿನ ಗುಂಡು, 2,400 ಅಡಿ ವೇಗ, ಹಿಂಬದಿಯಲ್ಲಿ ಲಿವರ್ ರೈಫಲ್‌ಗೆ ಒಗ್ಗುವ ಅಗಲ ಅಂಚು. ಅದಕ್ಕೆ ಮೊದಲು ಬಂದ .350 ಲೆಜೆಂಡ್‌ಗೆ ಆ ಅಂಚಿಲ್ಲ; ಅದು ಹುಟ್ಟಿದ್ದೇ ಬೇರೆ ಬಗೆಯ ಬಂದೂಕಿಗೆ. ಬಕ್‌ಹ್ಯಾಮರನ್ನು ಗೆಳೆಯನ ರೈಫಲಿನಲ್ಲಿ ಹತ್ತು ಈಡು ಹೊಡೆದು ನೋಡಿದೆ. ಹೆಗಲಿಗೆ .30-30ಗಿಂತ ತುಸು ಗಟ್ಟಿ, .45-70ಯ ಗುದ್ದಿನ ಮುಂದೆ ಏನೂ ಅಲ್ಲ. 2016ರಲ್ಲಿ ಇದು ಇದ್ದಿದ್ದರೆ ನಾನು ಮೂರು ಗಂಟೆ ಕಾರು ಓಡಿಸುತ್ತಿರಲಿಲ್ಲ. ಪೆನ್ಸಿಲ್ವೇನಿಯಾವನ್ನು ಕಾಣುತ್ತಲೂ ಇರಲಿಲ್ಲ, ಅದು ಬೇರೆ ಮಾತು.

ನನ್ನ ಆಸೆ ಮಾತ್ರ ಇನ್ನೊಂದು ದಿಕ್ಕಿಗಿದೆ. ಈ ಸೀಮೆಯ ಎಲ್ಲ ಹೊಸ ಯೋಚನೆಯೂ ದಪ್ಪ ಗುಂಡಿನ ಕಡೆಗೇ ಹೋಗುತ್ತಿದೆ. ಸಣ್ಣದನ್ನು ಕೇಳುವವರಿಲ್ಲ. ಮಗಳಿಗೆ ಹದಿನಾಲ್ಕು. ಕಾರ್ಬೈನ್ ಎನ್ನುವ ಹಗುರ, ಗಿಡ್ಡ ರೈಫಲಿನಲ್ಲಿ .30-30 ಹೊಡೆದರೆ ಮೂರನೆಯ ಈಡಿಗೇ ಕಣ್ಣು ಮುಚ್ಚುತ್ತಾಳೆ. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1894ಕ್ಕೆ 1895ರಲ್ಲಿ .30-30 ಬಂದಾಗ ಜೊತೆಗೇ .25-35 ಎಂಬ ತಂಗಿಯೂ ಬಂದಿತ್ತು. 117 ಗ್ರೇನಿನ ಗುಂಡು, ಮೃದು ಹಿನ್ನೊದೆತ. ಅಕ್ಕ ಊರೆಲ್ಲ ಆಳಿದಳು, ತಂಗಿ ಮೂಲೆ ಸೇರಿದಳು. ಹೊಸ ಕಾಲದ ಮೆತ್ತನೆ ತುದಿಯ ಗುಂಡು ಹಾಕಿ ಅದನ್ನು ಮತ್ತೆ ಹೊರತಂದರೆ ಮೊದಲ ರೈಫಲನ್ನು ನಾನೇ ಕೊಳ್ಳುತ್ತೇನೆ. ನೂರು ಗಜದ ಜಿಂಕೆಗೆ ಅದು ಸಾಲದು ಎನ್ನುವವರು ನೂರು ಗಜದಲ್ಲಿ ತಾವು ಎಲ್ಲಿ ಹೊಡೆಯುತ್ತೇವೆ ಎಂಬುದನ್ನು ಮೊದಲು ನೋಡಿಕೊಳ್ಳಲಿ.

ಇನ್ನು ವಿನ್ಯಾಸ. ಚೂಪು ಗುಂಡು ಬೇಕೆಂದರೆ ಟ್ಯೂಬ್ ಬಿಡಬೇಕು, ಟ್ಯೂಬ್ ಬಿಟ್ಟರೆ ಪೆಟ್ಟಿಗೆ ಮ್ಯಾಗಝೀನ್ ಎನ್ನುವುದು ಈಗಿನ ಉತ್ತರ. ಬ್ರೌನಿಂಗ್ ಬಿಎಲ್ಆರ್ ದಶಕಗಳಿಂದ ಹಾಗೆಯೇ ಇದೆ, ಹೆನ್ರಿಯ ಲಾಂಗ್ ರೇಂಜರ್ ಕೂಡ. ಈಚೆಗೆ ಎಆರ್ ಎಂಬ ಅರೆ ಸ್ವಯಂಚಾಲಿತ ರೈಫಲಿನ ಮ್ಯಾಗಝೀನ್ ಸಿಕ್ಕಿಸುವ ಲಿವರ್ ರೈಫಲ್‌ಗಳೂ ಬಂದಿವೆ. ಅಂಥದ್ದೊಂದನ್ನು ಶೂಟಿಂಗ್ ರೇಂಜಿನಲ್ಲಿ ಹೊಡೆದು ನೋಡಿದೆ. ಜಾಣ ಯಂತ್ರ, ಗುರಿ ಅಚ್ಚುಕಟ್ಟು, ತುಂಬಲು ಸಲೀಸು, ಖಾಲಿ ಮಾಡಲು ಇನ್ನೂ ಸಲೀಸು. ಆದರೆ ಎತ್ತಿಕೊಂಡು ನಡೆಯಲು ಹೋದರೆ ಪೆಟ್ಟಿಗೆ ಸರಿಯಾಗಿ ಅಂಗೈ ಕೂರಬೇಕಾದ ಜಾಗದಲ್ಲಿ ನೇತಾಡುತ್ತದೆ. ಸೊಂಟಕ್ಕೆ ಮಡಕೆ ಕಟ್ಟಿದ ಹಾಗೆ. ಮೇಜಿನ ಮೇಲಿಟ್ಟು ಹೊಡೆಯುವವರಿಗೆ ಅದು ತಿಳಿಯುವುದೇ ಇಲ್ಲ.

ಇದಕ್ಕೆ ಉತ್ತರ ಎಂದೋ ಸಿಕ್ಕಿತ್ತು. ಆರ್ಥರ್ ಸ್ಯಾವೇಜ್ 1890ರ ದಶಕದಲ್ಲಿ ರೂಪಿಸಿ, ಮುಂದೆ ಮಾಡೆಲ್ 99 ಎಂದು ಹೆಸರಾದ ರೈಫಲಿನಲ್ಲಿ ತೋಟಾಗಳು ಹೊಟ್ಟೆಯೊಳಗೆ ತಿರುಗುವ ಉರುಳೆಯ ಸುತ್ತ ಕೂರುತ್ತವೆ. ಒಂದರ ಮೂತಿ ಇನ್ನೊಂದರ ಕೇಪಿಗೆ ತಾಗುವುದಿಲ್ಲ, ಹೊರಗೆ ಏನೂ ಚಾಚುವುದಿಲ್ಲ, ಚೂಪು ಗುಂಡಿಗೆ ಅಡ್ಡಿಯಿಲ್ಲ. ಎಡಪಕ್ಕದ ಸಣ್ಣ ಕಿಂಡಿಯಲ್ಲಿ ಎಷ್ಟು ತೋಟಾ ಉಳಿದಿವೆ ಎಂಬ ಅಂಕಿ ಕಾಣುತ್ತದೆ. 87 ಗ್ರೇನಿನ ಗುಂಡನ್ನು ಸೆಕೆಂಡಿಗೆ 3,000 ಅಡಿ ಓಡಿಸಿದ .250-3000 (.250 ಸ್ಯಾವೇಜ್ ಎಂದೂ ಹೆಸರು) ತೋಟಾ 1915ರಲ್ಲಿ ಬಂದದ್ದು ಈ ರೈಫಲಿಗೇ. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅದರ ತಯಾರಿಕೆಯೂ ಮುಗಿಯಿತು. ಉಕ್ಕನ್ನು ಅಷ್ಟು ಕಡೆ ಕೊರೆದು ಕೂರಿಸುವ ಖರ್ಚು ಗಿಟ್ಟುವಂಥದ್ದಲ್ಲ. ಈಗ ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರಗಳು ಊರಿಗೊಂದಿವೆ. ಹಳೆಯ 99ರ ಉರುಳೆ, ಅದಕ್ಕೆ ಹೊರಗೆ ಕಾಣುವ ಕುದುರೆ, .250 ಸ್ಯಾವೇಜ್ ಅಥವಾ 6.5 ಕ್ರೀಡ್‌ಮೋರ್ ತೋಟಾ. ಇಷ್ಟೇ ನನ್ನ ಕನಸಿನ ರೈಫಲ್. ಕುದುರೆ ಏಕೆಂದರೆ ಅಪ್ಪನ ಕೋವಿಯಲ್ಲಿ ಅದನ್ನು ನೋಡಿಯೇ ಕೋವಿ ಎಚ್ಚರವಾಗಿದೆಯೋ ಮಲಗಿದೆಯೋ ಎಂದು ತಿಳಿಯುತ್ತಿದ್ದೆ. 99ಕ್ಕೆ ಹೊರಗೆ ಕುದುರೆ ಇಲ್ಲ, ಅದೊಂದೇ ನನಗೆ ಸೇರದ್ದು.

ನಳಿಗೆಯ ತುದಿಗೆ ಶಬ್ದ ತಗ್ಗಿಸುವ ಕೊಳವೆಗಾಗಿ ತಿರುಪಿನ ಗೆರೆ ಕೊರೆದಿರಲಿ, ಕಿವಿ ನನ್ನದು. ಬಣ್ಣದ ಪ್ಲಾಸ್ಟಿಕ್ ಹಿಡಿ, ಟಾರ್ಚು ಸಿಕ್ಕಿಸುವ ಪಟ್ಟಿ ಬೇಡ.

ಈಗಿರುವ ರೈಫಲಿಗೆ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದು ಹೆಬ್ಬೆರಳಿನ ಲೆಕ್ಕಕ್ಕೆ ಕಡಿತ. ಮಾರುವ ಯೋಚನೆಯಿಲ್ಲ. ಆದರೆ ಕಳೆದ ವಾರ ಅದೇ ಅಂಗಡಿಯ ಹಳೆಯ ಸರಕಿನ ಸಾಲಿನಲ್ಲಿ .300 ಸ್ಯಾವೇಜ್ ತೋಟಾದ ಮಾಡೆಲ್ 99 ಒಂದು ನಿಂತಿತ್ತು. ನೀಲಿ ಬಣ್ಣ ಸೊಂಟದಲ್ಲಿ ಮಾತ್ರ ಸವೆದು ಬೆಳ್ಳಗಾಗಿತ್ತು, ಯಾರೋ ಬಹಳ ವರ್ಷ ಒಂದೇ ಕೈಯಲ್ಲಿ ಹಿಡಿದು ನಡೆದ ಗುರುತು. ಅಂಗಡಿಯವನು ಶನಿವಾರದವರೆಗೆ ತೆಗೆದಿಡುವುದಾಗಿ ಹೇಳಿದ್ದಾನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.