ಒಬ್ಬರ ಕೈಲಿ ತಕ್ಕಡಿ, ಇನ್ನೊಬ್ಬರ ಕೈಲಿ ಚೆದುರಿದ ಹಾಳೆ

ನನ್ನದು ಪಾರ್ಸೆಲ್ ಬುಕಿಂಗ್ ಕೆಲಸ. ಬೆಳಗ್ಗಿಂದ ಸಂಜೆವರೆಗೂ ಮೂಟೆ ತೂಗಿ ಚೀಟಿ ಬರೆಯುವುದು. ಅದಕ್ಕೇ ಇರಬೇಕು, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸಿಪಾಯಿಯಾಗಿದ್ದ ಟಿಮ್ ಓಬ್ರಯನ್ ಅವರ ಕಥೆಗಳ ಪುಸ್ತಕ ‘ದ ಥಿಂಗ್ಸ್ ದೇ ಕ್ಯಾರೀಡ್’ (1990) ಶುರುವಿನಲ್ಲೇ ನನ್ನನ್ನು ಹಿಡಿದು ಕೂರಿಸಿತು. ವಿಯೆಟ್ನಾಮಿಗೆ ಹೋದ ಅಮೆರಿಕದ ಸಿಪಾಯಿಗಳು ಏನೇನು ಹೊತ್ತಿದ್ದರು, ಅದರ ಭಾರ ಎಷ್ಟು ಅನ್ನುವ ಪಟ್ಟಿಯೇ ಮೊದಲ ಕಥೆ. ಬ್ಯಾಟರಿ ಸೇರಿ ರೇಡಿಯೊ 26 ಪೌಂಡ್. ಗುಂಡು ತುಂಬದ ಮೆಷಿನ್ ಗನ್ 23. ಲೆಕ್ಕ ಹಾಕಿ ನೋಡಿದೆ, ರೇಡಿಯೊ ಒಂದೇ ಹತ್ತಿರ ಹತ್ತಿರ 12 ಕೆಜಿ! ಅದನ್ನು ಬೆನ್ನಿಗೆ ಹಾಕಿಕೊಂಡು ಗದ್ದೆ ಕೆಸರಲ್ಲಿ ನಡೆಯಬೇಕು.

ಅದೇ ಪಟ್ಟಿಯಲ್ಲಿ ಮಳೆಗೆ ಹೊದೆಯುವ ಪೊಂಚೊ ಬರುತ್ತದೆ. ಹೆಚ್ಚುಕಮ್ಮಿ 2 ಪೌಂಡ್. ಆದರೂ ಅದು ಕೆಲಸಕ್ಕೆ ಬರುತ್ತದೆ ಅಂತಾರೆ. ಟೆಡ್ ಲ್ಯಾವೆಂಡರ್ ಅನ್ನುವ ಹುಡುಗ ಗುಂಡೇಟಿಗೆ ಸತ್ತಾಗ ಅವನ ಪೊಂಚೊದಲ್ಲೇ ಅವನನ್ನು ಸುತ್ತಿದರು, ಗದ್ದೆ ದಾಟಿಸಿದರು, ಹೆಲಿಕಾಪ್ಟರಿಗೆ ಏರಿಸಿದರು. ಮುಗೀತು. ಮತ್ತೆ ಪಟ್ಟಿ ಮುಂದುವರಿಯುತ್ತದೆ. ನಾನು ಪುಸ್ತಕ ಕೆಳಗಿಟ್ಟು ಟೀ ಕುಡಿದು ಬಂದೆ.

ಇನ್ನೊಂದು ಪುಸ್ತಕ ‘ದ ಸಾರೋ ಆಫ್ ವಾರ್’ ಕಾದಂಬರಿ. ಅದನ್ನು ಬರೆದ ಬಾವೊ ನಿನ್ ಅದೇ ಯುದ್ಧದಲ್ಲಿ ಆ ಕಡೆ, ಉತ್ತರ ವಿಯೆಟ್ನಾಮಿನ ಸೈನ್ಯದಲ್ಲಿದ್ದವರು. ಇಬ್ಬರೂ ಕಣಕ್ಕೆ ಇಳಿದದ್ದು 1969ರಲ್ಲೇ. ಇವರ ಪುಸ್ತಕವನ್ನು ನಾನು ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೇ ಪ್ರತಿ ತಗೊಂಡೆ, ಇಂಗ್ಲಿಷ್ ಅನುವಾದ. ನಲವತ್ತು ಪುಟ ಆಗುವಷ್ಟರಲ್ಲಿ ಅನುಮಾನ ಬಂತು. ಸತ್ತವನು ಮತ್ತೆ ಬದುಕಿರುತ್ತಾನೆ, ಯುದ್ಧ ಮುಗಿದಿರುತ್ತದೆ, ಮುಂದಿನ ಪುಟದಲ್ಲಿ ಇನ್ನೂ ನಡೀತಿರುತ್ತದೆ. ಬೈಂಡಿಂಗ್ ಎಡವಟ್ಟಾಗಿದೆ ಅಂತ ಪುಟದ ನಂಬರೆಲ್ಲ ನೋಡಿದೆ. ಎಲ್ಲಾ ಸರಿಯಾಗೇ ಇತ್ತು! ಕಥಾನಾಯಕ ಕಿಯೆನ್ ಬರೆದು ಬಿಟ್ಟುಹೋದ ಹಾಳೆಗಳೇ ಹಾಗೆ ಚೆಲ್ಲಾಪಿಲ್ಲಿ ಅಂತ ಗೊತ್ತಾಗುವುದು ಕೊನೆಗೆ. ಅಲ್ಲೀವರೆಗೆ ತಾಳ್ಮೆ ಬೇಕು.

ಕಿಯೆನ್ ಯುದ್ಧ ಮುಗಿದ ಮೇಲೆ ಕಾಡಲ್ಲಿ ಸತ್ತವರ ಅವಶೇಷ ಹುಡುಕುವ ತಂಡದಲ್ಲಿದ್ದಾನೆ. ಅವನ ಬೆಟಾಲಿಯನ್ನಿನಲ್ಲಿ ಉಳಿದವರೇ ಹತ್ತು ಜನ. ಒಂದು ರಾತ್ರಿ ಲಾರಿಯಲ್ಲಿ ಜೋಲಿ ಕಟ್ಟಿ ಮಲಗುತ್ತಾನೆ. ಟಾರ್ಪಾಲಿನ ತೂತಿನಿಂದ ಮಳೆನೀರು ತೊಟ್ಟಿಕ್ಕುತ್ತಿರುತ್ತದೆ. ಬೀಳುವುದು ಕೆಳಗೆ ಸಾಲಾಗಿ ಮಲಗಿಸಿದ ಹೆಣಗಳ ಪ್ಲಾಸ್ಟಿಕ್ ಹೊದಿಕೆ ಮೇಲೆ. ನನಗೆ ರನ್ನನ ‘ಗದಾಯುದ್ಧ’ ನೆನಪಾಯಿತು. ಅಲ್ಲಿ ದುರ್ಯೋಧನ ರಣರಂಗದಲ್ಲಿ ದ್ರೋಣ, ದುಶ್ಶಾಸನ, ಕರ್ಣ ಅಂತ ಒಂದೊಂದೇ ಹೆಣದ ಮುಂದೆ ನಿಂತು ಅಳುತ್ತಾನೆ. ಅವನಿಗೆ ಬಾಯಿಬಿಟ್ಟು ಅಳೋದಕ್ಕಾದರೂ ಆಯಿತು. ಕಿಯೆನ್‌ಗೆ ನಿದ್ದೆಯೂ ಸರಿಯಾಗಿ ಬರುವುದಿಲ್ಲ.

ಕೊರತೆ ಇಬ್ಬರಲ್ಲೂ ಇದೆ. ಓಬ್ರಯನ್ ತಾನು ಕೊಂದವನನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತಾರೆ, ಒಂದು ಕಣ್ಣಿನ ಜಾಗದಲ್ಲಿ ನಕ್ಷತ್ರದ ಆಕಾರದ ತೂತು. ಆಮೇಲೆ ನಾನು ಕೊಲ್ಲಲೇ ಇಲ್ಲ, ನೋಡುತ್ತಾ ನಿಂತಿದ್ದೆ ಅಂತಾರೆ. ಅದಾದ ಮೇಲೆ ಇದೂ ಕಟ್ಟಿದ ಕಥೆ ಅಂತಾರೆ. ಮೊದಲು ಸಿಟ್ಟು ಬಂತು, ಆಮೇಲೆ ಒಪ್ಪಿದೆ. ಆದರೆ ನಿಜವಾದ ಯುದ್ಧದ ಕಥೆ ಹೇಗಿರುತ್ತದೆ ಅಂತ ನಡುವೆ ಮೇಷ್ಟ್ರ ಥರ ಪಾಠ ಮಾಡಿದ್ದು ಜಾಸ್ತಿಯಾಯಿತು. ಬಾವೊ ನಿನ್ ಪಾಠ ಮಾಡುವುದಿಲ್ಲ. ಆದರೆ ಕಿಯೆನ್ ಮತ್ತು ಫುವಾಂಗ್ ಪ್ರೇಮದ ಭಾಗ ಎಳೆದೆಳೆದು ಸುಸ್ತು ಮಾಡುತ್ತಾರೆ.

ದಿನಕ್ಕೊಂದು ಕಥೆ ಓದುವವರು ಓಬ್ರಯನ್ ತಗೊಳ್ಳಿ, ಬಸ್ಸಲ್ಲೂ ಓದಬಹುದು. ನನ್ನ ಪ್ರತಿಯನ್ನು ಪಕ್ಕದ ಕೌಂಟರಿನ ಹುಡುಗ ಒಯ್ದಿದ್ದಾನೆ. ಬಾವೊ ನಿನ್ ಪುಸ್ತಕ ಯಾರಿಗೂ ಕೊಟ್ಟಿಲ್ಲ. ಇನ್ನೊಂದು ಸಲ ಓದಬೇಕು, ಈ ಸಲ ಪುಟದ ನಂಬರ್ ನೋಡದೆ.